ಯಕ್ಷಗಾನ ಆಟದ ವಿಡಿಯೊ ಕಲಸಿಹೋದಾಗ: ಬಿಟ್‌ರೇಟ್ ಮತ್ತು ಗುಣಮಟ್ಟದ ದೋಷ ಹುಡುಕುವ ಬಗೆ

ರಾತ್ರಿಯ ಯಕ್ಷಗಾನ ಆಟದ ವಿಡಿಯೊ ಎನ್‌ಕೋಡರಿಗೆ, ಅಂದರೆ ವಿಡಿಯೊವನ್ನು ಕುಗ್ಗಿಸಿ ಕೊಡುವ ಸಾಧನಕ್ಕೆ, ತೀರಾ ಕಷ್ಟದ ವಸ್ತು. ಹಿಂದೆ ಕತ್ತಲೆ, ವೇಷದ ಮೇಲೆ ಪ್ರಖರ ಬೆಳಕು, ಕಿರೀಟದ ತುಂಬ ಮಿನುಗುವ ಬೇಗಡೆ ಮತ್ತು ಕನ್ನಡಿ ಚೂರು. ಮಂಡಿಯೂರಿ ಸುತ್ತುವ ಮಂಡಿ ಕುಣಿತದಲ್ಲಿ ಇವೆಲ್ಲ ಒಟ್ಟಿಗೇ ಗಿರಗಿರ ತಿರುಗುತ್ತವೆ. ಕಾರವಾರದ ಕಡಲಿನ ನೊರೆ, ಉಂಚಳ್ಳಿಯ ಧುಮುಕು, ಆಷಾಢದ ಗಾಳಿಗೆ ಹೊಯ್ದಾಡುವ ಅಡಿಕೆ ತೋಟ, ಸುಗ್ಗಿ ಕುಣಿತದ ತುರಾಯಿ ಕೂಡ ಇದೇ ಜಾತಿಯವು. ಭಾಷಣದ ವಿಡಿಯೊಗೆ ಸಾಕಾಗುವ ಸೆಟ್ಟಿಂಗು ಇಲ್ಲಿ ಸೋಲುತ್ತದೆ. ಸೋತ ಕೂಡಲೇ ಎಲ್ಲರೂ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಕೊಡುವ ಮಾಹಿತಿಯ ಪಾಲು, ಏರಿಸುತ್ತಾರೆ. ತಪ್ಪು ಎಷ್ಟೋ ಸಲ ಬೇರೆ ಕಡೆ ಇರುತ್ತದೆ. ಫೈಲು ದೊಡ್ಡದಾಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಕೆಳಗೆ ಕಣ್ಣಿಗೆ ಬೀಳುವ ಲಕ್ಷಣದಿಂದ ಹೊರಟಿದ್ದೇವೆ. ಪ್ರತಿ ಲಕ್ಷಣದಡಿ ದುಡ್ಡು ಖರ್ಚಿಲ್ಲದ ತಪಾಸಣೆ ಮೊದಲು, ಕಷ್ಟದ್ದು ಆಮೇಲೆ.

## ಯಾವ ಲಕ್ಷಣವೇ ಇರಲಿ, ಮೊದಲು ಇಷ್ಟು

ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟಬೇಡಿ. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಇಟ್ಟ ಮೇಲೆಯೇ ಪ್ರಯೋಗ. ಎನ್‌ಕೋಡ್ ಮಾಡಿದ್ದನ್ನು ಮತ್ತೆ ಎನ್‌ಕೋಡ್ ಮಾಡಿ ಪರೀಕ್ಷಿಸಿದರೆ ಯಾವ ಸುತ್ತಿನಲ್ಲಿ ಹಾಳಾಯಿತು ಎಂದು ತಿಳಿಯುವುದಿಲ್ಲ.

ಆಮೇಲೆ ಮೂಲ ಫೈಲನ್ನೇ ದೊಡ್ಡ ಪರದೆಯಲ್ಲಿ ಪೂರ್ತಿ ಅಳತೆಗೆ ತೆರೆದು ನೋಡಿ. ದೋಷ ಅಲ್ಲೇ ಕಂಡರೆ ಎನ್‌ಕೋಡರಿನದು ತಪ್ಪಲ್ಲ. ಐದು ನಿಮಿಷದ ಈ ಕೆಲಸ ಬಿಟ್ಟು ಇಡೀ ದಿನ ಸೆಟ್ಟಿಂಗು ತಿರುಗಿಸುವವರೇ ಹೆಚ್ಚು.

ಮೂಲ ಮತ್ತು ಫಲಿತ ಎರಡನ್ನೂ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದು ಆರು ಸಂಗತಿ ಬರೆದುಕೊಳ್ಳಿ: ಕೋಡೆಕ್ (ವಿಡಿಯೊ ಕುಗ್ಗಿಸಿದ ಕ್ರಮ), ಅಳತೆ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಸ್ಥಿರವೋ ಬದಲಾಗುವುದೋ, ಬಿಟ್‌ರೇಟ್, ಸ್ಕ್ಯಾನ್ ಬಗೆ (ಪೂರ್ತಿ ಚಿತ್ರವೋ ಅರ್ಧರ್ಧ ಚಿತ್ರವೋ), ಬಣ್ಣದ ವ್ಯಾಪ್ತಿ (ಫುಲ್ಲೋ ಲಿಮಿಟೆಡ್ಡೋ). ಎಷ್ಟೋ ದೋಷಗಳು ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಸಿಕ್ಕಿಬೀಳುತ್ತವೆ.

ಇನ್ನು ಪರೀಕ್ಷೆಯ ತುಣುಕು. ಇಡೀ ಆಟವನ್ನು ಎನ್‌ಕೋಡ್ ಮಾಡಿ ನೋಡುವುದು ದಂಡ. ಮೂವತ್ತು ಮೂವತ್ತು ಸೆಕೆಂಡಿನ ಮೂರು ತುಣುಕು ಸಾಕು. ಕುಣಿತ ಅತಿ ಜೋರಾಗಿರುವುದು ಒಂದು. ರಂಗಸ್ಥಳ ಅತಿ ಕತ್ತಲಾಗಿರುವುದು ಇನ್ನೊಂದು. ಪಾತ್ರಧಾರಿ ನಿಂತು ಅರ್ಥ ಹೇಳುವ ಶಾಂತ ಭಾಗ ಮೂರನೆಯದು. ಹ್ಯಾಂಡ್‌ಬ್ರೇಕ್ ಎಂಬ ಎನ್‌ಕೋಡ್ ತಂತ್ರಾಂಶದಲ್ಲಿ ಅಧ್ಯಾಯದ ಬದಲು ಸೆಕೆಂಡಿನ ಲೆಕ್ಕ ಆರಿಸಿದರೆ ಅಷ್ಟು ಭಾಗ ಮಾತ್ರ ಎನ್‌ಕೋಡ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗು ಬದಲಿಸಿ. ಫೈಲಿನ ಹೆಸರಲ್ಲೇ ಸೆಟ್ಟಿಂಗು ಬರೆಯಿರಿ: «ಮಂಡಿ-ಸಿಆರ್‌ಎಫ್20-ಸ್ಲೋ». ನಾಳೆ ಬೆಳಿಗ್ಗೆ ಹನ್ನೆರಡು ಫೈಲುಗಳ ನಡುವೆ ಈ ಹೆಸರೇ ಕಾಯುವುದು.

## ಕುಣಿತ ಜೋರಾದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ನಿಂತಾಗ ಸರಿಯಾಗುತ್ತದೆ

ಇದು ನಿಜವಾಗಿಯೂ ಬಿಟ್‌ರೇಟ್ ಸಾಲದ ಲಕ್ಷಣ. ಆದರೆ ಸಾಲದಿರುವುದು ಒಟ್ಟು ಬಿಟ್‌ರೇಟೋ, ಆ ಕ್ಷಣದ ಬಿಟ್‌ರೇಟೋ ಎಂದು ಮೊದಲು ತಿಳಿಯಬೇಕು.

ಬಿಟ್‌ರೇಟನ್ನು ಸ್ಥಿರವಾಗಿಡುವ ಸಿಬಿಆರ್ ಕ್ರಮದಲ್ಲಿ ಭಾಗವತರು ಪದ ಎತ್ತುವ ಶಾಂತ ಹೊತ್ತಿಗೂ ಮಂಡಿ ಕುಣಿತಕ್ಕೂ ಸಿಗುವುದು ಸರಿಸುಮಾರು ಒಂದೇ ಪಾಲು. ನೇರ ಪ್ರಸಾರಕ್ಕೆ ಇದೇ ರೂಢಿ. ಫೈಲಾಗಿ ಉಳಿಸಿಕೊಳ್ಳುವ ವಿಡಿಯೊಗೆ ಇದು ಬೇಡವೇ ಬೇಡ. ಅಲ್ಲಿ ಗುಣಮಟ್ಟ ಹಿಡಿದು ನಡೆಯುವ ಸಿಆರ್‌ಎಫ್ ಬಳಸಿ. ಹ್ಯಾಂಡ್‌ಬ್ರೇಕಿನಲ್ಲಿ ಇದಕ್ಕೆ ಆರ್‌ಎಫ್ ಎನ್ನುತ್ತಾರೆ. ಗುಣಮಟ್ಟ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಬಿಟ್‌ರೇಟ್ ದೃಶ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ.

ಎಚ್.264 ಕೋಡೆಕ್ಕಿನ ಎನ್‌ಕೋಡರಾದ ಎಕ್ಸ್264ರಲ್ಲಿ ಸಿಆರ್‌ಎಫ್ 0ರಿಂದ 51ರವರೆಗೆ ಇದೆ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ. ತಾನಾಗಿ ಇರುವುದು 23. ಎಚ್.265ರ ಎನ್‌ಕೋಡರಾದ ಎಕ್ಸ್265ರಲ್ಲಿ ತಾನಾಗಿ ಇರುವುದು 28. ಎರಡರ ಅಳತೆಗೋಲು ಬೇರೆ, ಒಂದರ 23ನ್ನು ಇನ್ನೊಂದರ 23ಕ್ಕೆ ಹೋಲಿಸಬೇಡಿ. ಸ್ಥೂಲವಾಗಿ ಹೇಳುವುದಾದರೆ ಆರು ಮೆಟ್ಟಿಲು ಇಳಿಸಿದರೆ ಫೈಲು ಇಮ್ಮಡಿ, ಆರು ಏರಿಸಿದರೆ ಅರ್ಧ. ಅಂದರೆ ಒಂದು ಮೆಟ್ಟಿಲಿಗೆ ಸುಮಾರು ಶೇ. 12.

ಪರೀಕ್ಷೆ ಹೀಗೆ: ಎಕ್ಸ್264, ಪ್ರೀಸೆಟ್ (ಎನ್‌ಕೋಡರಿನ ವೇಗದ ಮಟ್ಟ) ಸ್ಲೋ, ಮಂಡಿ ಕುಣಿತದ ತುಣುಕನ್ನು 18, 20, 22, 24ರಲ್ಲಿ ನಾಲ್ಕು ಸಲ ಎನ್‌ಕೋಡ್ ಮಾಡಿ. ಜನ ನೋಡುವ ಟಿವಿಯಲ್ಲೇ, ಅವರು ಕೂರುವ ದೂರದಿಂದಲೇ ನೋಡಿ. ವಿಡಿಯೊ ಓಡುತ್ತಿರುವಾಗ ತೀರ್ಮಾನಿಸಿ. ನಿಲ್ಲಿಸಿ ನೋಡುವುದು ಕಾರಣ ಹುಡುಕಲಿಕ್ಕೆ ಮಾತ್ರ. ಕಣ್ಣಿಡಬೇಕಾದ ಜಾಗ ಮೂರು: ಕಿರೀಟದ ಅಂಚು ಕತ್ತಲೆಗೆ ತಾಗುವಲ್ಲಿ ಸೊಳ್ಳೆ ಮುತ್ತಿದ ಹಾಗೆ ಮಿಣಮಿಣ ಕಾಣುತ್ತದೆಯೇ, ಕಾಲ ಗೆಜ್ಜೆ ಒಂದೊಂದಾಗಿ ಕಾಣುತ್ತದೆಯೋ ಮುದ್ದೆಯೋ, ಕಸೆ ಸೀರೆಯ ಚೌಕಳಿ ಉಳಿದಿದೆಯೇ. ಈ ಕಷ್ಟದ ತುಣುಕು ತಡೆದುಕೊಂಡ ಅತಿ ದೊಡ್ಡ ಸಂಖ್ಯೆಯೇ ನಿಮ್ಮ ಸೆಟ್ಟಿಂಗು. ಶಾಂತ ತುಣುಕು ನೋಡಿ ಆರಿಸಿದರೆ ಮೋಸ ಹೋಗುತ್ತೀರಿ, ಅಲ್ಲಿ 26 ಕೂಡ ಚೆನ್ನಾಗಿಯೇ ಕಾಣುತ್ತದೆ.

ಪ್ರೀಸೆಟ್ ಮೊದಲೇ ಗಟ್ಟಿಮಾಡಿ, ಆಮೇಲೆ ಸಿಆರ್‌ಎಫ್ ಹುಡುಕಿ. ಒಂದೇ ಸಿಆರ್‌ಎಫ್‌ನಲ್ಲಿ ಪ್ರೀಸೆಟ್ ಬದಲಿಸಿದರೆ ಗಾತ್ರ, ಗುಣಮಟ್ಟ ಎರಡೂ ಸ್ವಲ್ಪ ಸರಿಯುತ್ತವೆ, ಹೋಲಿಕೆ ಕೆಡುತ್ತದೆ.

ಸಿಆರ್‌ಎಫ್‌ನಲ್ಲೂ ಒಡೆಯುತ್ತಿದೆಯೇ? ಹಾಗಾದರೆ ಯಾರೋ ಬಿಟ್‌ರೇಟ್ ಏರದಂತೆ ತಡೆಯುವ ಮ್ಯಾಕ್ಸ್‌ರೇಟ್, ಬಫ್‌ಸೈಜ್ ಮಿತಿ ಹಾಕಿಟ್ಟಿದ್ದಾರೆ, ಇಲ್ಲವೇ ಹಾರ್ಡ್‌ವೇರ್ ಎನ್‌ಕೋಡರಿನಲ್ಲಿ ಗುಣಮಟ್ಟದ ಸಂಖ್ಯೆ ಕೊಟ್ಟೂ ಬಿಟ್‌ರೇಟಿನ ಮಿತಿ ತೆಗೆದಿಲ್ಲ. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಎನ್‌ವಿಡಿಯಾ ಕಾರ್ಡಿನ ಎನ್‌ಕೋಡರಾದ ಎನ್‌ವೆಂಕ್‌ಗೆ ಸಿಕ್ಯೂ ಎಂಬ ಗುಣಮಟ್ಟದ ಸಂಖ್ಯೆ ಕೊಡುವಾಗ ವಿಡಿಯೊ ಬಿಟ್‌ರೇಟ್ ಸೊನ್ನೆ ಎಂದು ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ತಾನಾಗಿ ಇರುವ ಚಿಕ್ಕ ಬಿಟ್‌ರೇಟ್ ಅದರ ಕೈ ಕಟ್ಟುತ್ತದೆ. ವಿಪಿ9 ಎಂಬ ಕೋಡೆಕ್ಕಿಗೂ ಇದೇ ನಿಯಮ.

## ಕೆಂಪು ಮಾತ್ರ ಕಲಸುತ್ತದೆ

ಬಿಳಿ, ಹಳದಿ ಚೊಕ್ಕ. ಕಸೆಯ ಕೆಂಪು-ಕಪ್ಪು ಚೌಕಳಿ ಮಾತ್ರ ಒದ್ದೆ ಬಟ್ಟೆಯ ಹಾಗೆ ಹರಡಿಕೊಂಡಿದೆ. ಕಾರಣ ಇದು: ಸಾಮಾನ್ಯ ವಿಡಿಯೊದಲ್ಲಿ ಪ್ರತಿ ಚುಕ್ಕಿಗೂ ಬೆಳಕಿನ ಮಾಹಿತಿ ಇರುತ್ತದೆ, ಬಣ್ಣದ ಮಾಹಿತಿ ನಾಲ್ಕು ಚುಕ್ಕಿಗೆ ಒಂದು. ಗಾಢ ಕೆಂಪಿನಲ್ಲಿ ಬೆಳಕಿನ ಅಂಶ ಕಡಿಮೆ, ಆಕಾರವನ್ನೆಲ್ಲ ಬಣ್ಣವೇ ಹೊರಬೇಕು. ಕತ್ತಲೆ ಹಿನ್ನೆಲೆಯಲ್ಲಿ ಎನ್‌ಕೋಡರು ಆ ಬಣ್ಣಕ್ಕೂ ಕತ್ತರಿ ಹಾಕಿದರೆ ಚೌಕಳಿ ಮಾಯ.

ಮೊದಲು ಕ್ಯಾಮೆರಾದಲ್ಲಿ ಬಣ್ಣದ ಸ್ಯಾಚುರೇಶನ್ ಏರಿಸಿದ್ದರೆ ಇಳಿಸಿ. ಕೆಂಪು ತುಂಬಿ ತುಳುಕಿದ ಮೇಲೆ ಯಾವ ಎನ್‌ಕೋಡರೂ ಅದರೊಳಗಿನ ಗೆರೆ ಮರಳಿ ತರುವುದಿಲ್ಲ. ಆಮೇಲೆ ಎಕ್ಸ್264ರ ಹೆಚ್ಚುವರಿ ಸೆಟ್ಟಿಂಗಿನಲ್ಲಿ ಕ್ರೋಮಾ-ಕ್ಯೂಪಿ-ಆಫ್‌ಸೆಟ್ ಮೈನಸ್ 2 ಅಥವಾ ಮೈನಸ್ 3 ಕೊಟ್ಟು ನೋಡಿ. ಬಣ್ಣಕ್ಕೆ ತುಸು ಹೆಚ್ಚು ಪಾಲು ಸಿಗುತ್ತದೆ, ಫೈಲು ತುಸು ದೊಡ್ಡದಾಗುತ್ತದೆ. ಚೌಕಳಿ ಕಾಣದ ಕಸೆ ಕಸೆಯೇ ಅಲ್ಲ, ಆ ಹೆಚ್ಚುವರಿ ಗಾತ್ರ ಕೊಡತಕ್ಕದ್ದೇ.

ಮೂಲದೊಡನೆ ಹೋಲಿಸಿ ಗುಣಮಟ್ಟಕ್ಕೆ ಅಂಕ ಕೊಡುವ ವೀಮ್ಯಾಫ್ ಎಂಬ ಅಳತೆ ನೋಡಿ ಸೆಟ್ಟಿಂಗು ಆರಿಸುವವರು ಇಲ್ಲಿ ಎಚ್ಚರವಾಗಿರಬೇಕು. ವೀಮ್ಯಾಫ್ ಲೆಕ್ಕ ಹಾಕುವುದು ಬೆಳಕಿನ ಭಾಗವನ್ನು ಮಾತ್ರ. ಕೆಂಪು ಎಷ್ಟು ಕಲಸಿದರೂ ಅಂಕ ಕದಲುವುದಿಲ್ಲ. ಈ ದೋಷಕ್ಕೆ ಕಣ್ಣೇ ಅಳತೆ.

## ಕತ್ತಲಲ್ಲಿ ಇರುವೆ ಹರಿದಂತೆ, ಫೈಲು ಮಾತ್ರ ವಿಪರೀತ ದೊಡ್ಡದು

ಇದು ಕ್ಯಾಮೆರಾದ ನಾಯ್ಸ್, ಕಡಿಮೆ ಬೆಳಕಿನಲ್ಲಿ ಮೂಡುವ ಕಾಳುಕಾಳು. ಎನ್‌ಕೋಡರು ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಿ ಬಿಟ್ ಉಳಿಸುತ್ತದೆ. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ, ಊಹೆಗೆ ಸಿಗುವುದಿಲ್ಲ. ಬಿಟ್‌ರೇಟ್ ಏರಿಸಿದರೆ ನಾಯ್ಸನ್ನೇ ಚೆಂದವಾಗಿ ಉಳಿಸಿಕೊಂಡಂತೆ.

ಐಎಸ್‌ಒ (ಕ್ಯಾಮೆರಾ ಬೆಳಕಿಗೆ ತೋರುವ ಸೂಕ್ಷ್ಮತೆ) ಇಳಿಸಿ, ಬೆಳಕು ಏರಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್. 25 ಫ್ರೇಮಿಗೆ ಶಟರ್ 1/50 ಇಡಿ. 1/60 ಇಟ್ಟರೆ ಕೆಲವು ದೀಪಗಳ ಕೆಳಗೆ ಬೆಳಕು ಅಲೆಯಂತೆ ಏರಿಳಿಯುತ್ತದೆ, ಆ ಏರಿಳಿತವೂ ಬಿಟ್ ತಿನ್ನುತ್ತದೆ. ಚಿತ್ರೀಕರಣ ಮುಗಿದೇ ಹೋಗಿದ್ದರೆ ಹ್ಯಾಂಡ್‌ಬ್ರೇಕಿನ ಡಿನಾಯ್ಸ್‌ನಲ್ಲಿ ಎನ್‌ಎಲ್‌ಮೀನ್ಸ್ ಹಗುರ ಮಟ್ಟ ಹಾಕಿ ಅದೇ ಸಿಆರ್‌ಎಫ್‌ನಲ್ಲಿ ಮತ್ತೆ ಎನ್‌ಕೋಡ್ ಮಾಡಿ. ಫೈಲು ಗಣನೀಯವಾಗಿ ಕುಗ್ಗಿದರೆ ಕಾರಣ ಸಿಕ್ಕಿತು. ಮಧ್ಯಮ ಮಟ್ಟಕ್ಕಿಂತ ಮೇಲೆ ಹೋಗಬೇಡಿ. ಮುಖವರ್ಣಿಕೆಯ ಸಣ್ಣ ಗೆರೆಗಳು ನಾಯ್ಸಿನ ಜೊತೆಯೇ ಅಳಿಸಿಹೋಗುತ್ತವೆ, ಮುಖ ಮೇಣದ ಗೊಂಬೆಯಾಗುತ್ತದೆ.

## ಸಂಜೆಯ ಆಕಾಶದಲ್ಲಿ, ಪರದೆಯ ನೆರಳಿನಲ್ಲಿ ಪಟ್ಟೆ ಪಟ್ಟೆ

ಕಾರವಾರದ ಟಾಗೋರ್ ಕಡಲತೀರದ ಸೂರ್ಯಾಸ್ತ ನುಣ್ಣಗೆ ಇಳಿಯುವ ಬದಲು ಮೆಟ್ಟಿಲಾಗಿ ಇಳಿದರೆ ಅದು ಬ್ಯಾಂಡಿಂಗ್. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ ಮಾತ್ರ. ಸಪಾಟು ಜಾಗದಲ್ಲಿ ಎನ್‌ಕೋಡರು ಇನ್ನೂ ಜಿಪುಣತನ ಮಾಡುತ್ತದೆ. ಮೊದಲು ಟಿವಿಯ «ವಿವಿಡ್» ಚಿತ್ರ ಕ್ರಮ ತೆಗೆದು ನೋಡಿ, ಅದೇ ಕಾರಣವಾಗಿರಬಹುದು. ಹೋಗದಿದ್ದರೆ ಎಕ್ಸ್264ರಲ್ಲಿ ಎಕ್ಯೂ-ಮೋಡ್ 3 ಕೊಡಿ, ಕತ್ತಲೆ ಭಾಗಕ್ಕೆ ಹೆಚ್ಚು ಬಿಟ್ ಹೋಗುತ್ತದೆ. ಕೊನೆಯದು ಎಕ್ಸ್265ರ 10 ಬಿಟ್. ಮೂಲ 8 ಬಿಟ್ ಇದ್ದರೂ ಪಟ್ಟೆ ಕಡಿಮೆಯಾಗುತ್ತದೆ. ಹಳೆಯ ಟಿವಿ, ಹಳೆಯ ಫೋನಿನಲ್ಲಿ ಓಡುವುದೇ ಎಂದು ನೋಡಿಕೊಂಡು ಕೊಡಿ. 10 ಬಿಟ್‌ನ ಎಚ್.264 ಮಾತ್ರ ಬೇಡ, ಬಹುಪಾಲು ಟಿವಿಗಳು ಅದನ್ನು ಒಪ್ಪುವುದಿಲ್ಲ.

## ಎರಡು ಸೆಕೆಂಡಿಗೊಮ್ಮೆ ಚಿತ್ರ ಉಸಿರಾಡಿದಂತೆ ಆಗುತ್ತದೆ

ಗಡಿಯಾರ ಹಿಡಿದು ನೋಡಿ. ಸರಿಯಾಗಿ ಎರಡು ಸೆಕೆಂಡಿಗೆ ಮಸುಕು ಹರಿದು ಚಿತ್ರ ಚೊಕ್ಕವಾಗಿ, ಮತ್ತೆ ನಿಧಾನಕ್ಕೆ ಮಸುಕಾದರೆ ಅದು ಕೀಫ್ರೇಮಿನ, ಅಂದರೆ ಹಿಂದಿನದರಿಂದ ಊಹಿಸದೆ ಪೂರ್ತಿಯಾಗಿ ಬರೆದ ಫ್ರೇಮಿನ, ಮಿಡಿತ. ನೇರ ಪ್ರಸಾರಕ್ಕೆ ಕೀಫ್ರೇಮ್ ಅಂತರ 2 ಸೆಕೆಂಡೇ ಇರಲಿ, ಯೂಟ್ಯೂಬ್ ಕೇಳುವುದೂ ಅದನ್ನೇ. ಅಲ್ಲಿ ಪರಿಹಾರ ಅಳತೆ ಇಳಿಸುವುದು: ಬಿಟ್‌ರೇಟ್ ಸಾಲದ 1080ಕ್ಕಿಂತ ಸಾಕಾಗುವ 720 ಮೇಲು. ಫೈಲಿಗಾದರೆ ಅಂತರವನ್ನು ಎಕ್ಸ್264ರ ರೂಢಿಯ 250 ಫ್ರೇಮಿಗೆ ಬಿಡಿ.

## ನೇರ ಪ್ರಸಾರ ತಡವರಿಸುತ್ತದೆ

ನೇರ ಪ್ರಸಾರದ ತಂತ್ರಾಂಶ ಒಬಿಎಸ್‌ನಲ್ಲಿ ಸ್ಟ್ಯಾಟ್ಸ್ ಕಿಟಕಿ ತೆರೆದಿಡಿ. ಅಲ್ಲಿ ಮೂರು ಬೇರೆ ಬೇರೆ ಎಣಿಕೆಗಳಿವೆ, ಮೂರೂ ಮೂರು ಕಾಯಿಲೆ.

ನೆಟ್‌ವರ್ಕಿನಿಂದ ಬಿಟ್ಟುಹೋದ ಫ್ರೇಮು ಏರುತ್ತಿದ್ದರೆ ಅಪ್‌ಲೋಡ್ ಸಾಲುತ್ತಿಲ್ಲ. ಪ್ರೀಸೆಟ್ ಬದಲಿಸಿ ಪ್ರಯೋಜನವಿಲ್ಲ. ಆಟ ನಡೆಯುವ ಜಾಗದಲ್ಲೇ, ನಡೆಯುವ ಹೊತ್ತಿಗೇ ಅಪ್‌ಲೋಡ್ ವೇಗ ಮೂರು ಸಲ ಅಳೆದು, ಅತಿ ಕಡಿಮೆ ಬಂದದ್ದರ ಶೇ. 70 ಮಾತ್ರ ಬಳಸಿ. 4 ಎಂಬಿಪಿಎಸ್ ಬಂದರೆ ಒಟ್ಟು 2,800 ಕೆಬಿಪಿಎಸ್. ಅದರಲ್ಲಿ ಆಡಿಯೊಗೆ 128, ವಿಡಿಯೊಗೆ 2,600, ಅಳತೆ 720. ಮಾರಿಕಾಂಬಾ ಜಾತ್ರೆಯಂಥ ಜನಸಂದಣಿಯಲ್ಲಿ ಮಧ್ಯಾಹ್ನ ಖಾಲಿ ಗದ್ದುಗೆಯ ಎದುರು ಅಳೆದ ಮೊಬೈಲ್ ವೇಗ ರಾತ್ರಿಗೆ ಸುಳ್ಳಾಗುತ್ತದೆ, ಒಂದೇ ಟವರಿಗೆ ಸಾವಿರಾರು ಫೋನು. ಹತ್ತಿರದ ಮನೆಯ ಫೈಬರಿನಿಂದ ತಂತಿ ಎಳೆಯುವುದು ಉತ್ತಮ. ವೈಫೈ ನೆಚ್ಚಬೇಡಿ. ಒಬಿಎಸ್‌ನಲ್ಲಿ ದಟ್ಟಣೆಗೆ ತಕ್ಕಂತೆ ಬಿಟ್‌ರೇಟ್ ತಾನೇ ಇಳಿಸುವ ಆಯ್ಕೆಯಿದೆ, ಹಾಕಿಡಿ.

ಎನ್‌ಕೋಡಿಂಗ್ ಹಿಂದೆ ಬಿದ್ದು ಜಿಗಿದ ಫ್ರೇಮು ಏರುತ್ತಿದ್ದರೆ ಪ್ರೊಸೆಸರಿಗೆ ಭಾರ. ಮೊದಲು ಚಾರ್ಜರ್ ಸಿಕ್ಕಿಸಿದೆಯೇ ನೋಡಿ. ಬ್ಯಾಟರಿಯಲ್ಲಿ ಬಹುತೇಕ ಲ್ಯಾಪ್‌ಟಾಪು ವೇಗ ಇಳಿಸಿಕೊಳ್ಳುತ್ತದೆ. ಆಮೇಲೆ ಎಕ್ಸ್264 ಪ್ರೀಸೆಟ್ ವೆರಿಫಾಸ್ಟ್‌ಗೆ ತನ್ನಿ, ಅದೂ ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರಿಗೆ ಹೋಗಿ. ಮೊದಲ ಅರ್ಧ ಗಂಟೆ ಸರಿಯಿದ್ದು ಆಮೇಲೆ ಶುರುವಾದರೆ ಬಿಸಿ ಕಾರಣ. ಕರಾವಳಿಯ ಉಪ್ಪುಗಾಳಿಯ ಧೂಳು ಫ್ಯಾನಿನಲ್ಲಿ ಅಂಟಂಟಾಗಿ ಕೂರುತ್ತದೆ. ಲ್ಯಾಪ್‌ಟಾಪು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಫ್ಯಾನು ತಿರುಗದಂತೆ ಕಡ್ಡಿ ಹಿಡಿದು ಗಾಳಿ ಹೊಡೆಯಿರಿ.

ಚಿತ್ರ ಜೋಡಣೆ ತಡವಾಗಿ ತಪ್ಪಿದ ಫ್ರೇಮು ಮೂರನೆಯದು. ಇದು ಗ್ರಾಫಿಕ್ಸಿನ ಭಾರ: ಪರದೆಯ ಮೇಲಿನ ಓಡುವ ಅಕ್ಷರ, ಜಾಹೀರಾತಿನ ಪದರ, ಬ್ರೌಸರ್ ಪದರ ಒಂದೊಂದಾಗಿ ತೆಗೆದು ನೋಡಿ.

ಮೂರೂ ಎಣಿಕೆ ಸೊನ್ನೆ, ಆದರೂ ಚಲನೆ ಎಡವುತ್ತಿದೆ ಎಂದಾದರೆ ಕ್ಯಾಮೆರಾ 25, ಒಬಿಎಸ್ 30 ಇರಬೇಕು. ಎರಡೂ ಒಂದೇ ಮಾಡಿ.

ನೇರ ಪ್ರಸಾರದ ಜೊತೆ ರೆಕಾರ್ಡಿಂಗನ್ನೂ ಮಾಡುವವರು ಎಂಕೆವಿ ಬಗೆಯ ಫೈಲು ಆರಿಸಿ. ಮಳೆಗಾಲದಲ್ಲಿ ಶಿರಸಿಯ ಕರೆಂಟು ಯಾವ ಪ್ರಸಂಗದ ಯಾವ ಪದಕ್ಕೆ ಹೋಗುತ್ತದೆ ಎಂದು ಹೇಳಲಾಗದು. ಮಧ್ಯೆ ನಿಂತ ಸಾದಾ ಎಂಪಿ4 ಫೈಲು ಪೂರ್ತಿ ಹೋಗುತ್ತದೆ, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನ ರೀಮಕ್ಸ್‌ನಿಂದ ಎಂಪಿ4 ಮಾಡಿಕೊಳ್ಳಬಹುದು, ಮತ್ತೆ ಎನ್‌ಕೋಡ್ ಆಗದೆ ಹೊದಿಕೆ ಮಾತ್ರ ಬದಲಾಗುವುದರಿಂದ ಗುಣಮಟ್ಟ ಕಳೆಯುವುದಿಲ್ಲ.

## ಪೆನ್‌ಡ್ರೈವಿಗೆ ಹಿಡಿಯುವುದಿಲ್ಲ

ಗಾತ್ರ ಮೊದಲೇ ನಿಗದಿಯಾಗಿದ್ದರೆ ಮಾತ್ರ ಸರಾಸರಿ ಬಿಟ್‌ರೇಟು, ಎರಡು ಸುತ್ತಿನ ಎನ್‌ಕೋಡು. ಲೆಕ್ಕ ಹೀಗೆ: 8 ಜಿಬಿ ಪೆನ್‌ಡ್ರೈವಿನಲ್ಲಿ 7.8 ಜಿಬಿ ಬಳಸುತ್ತೇವೆ ಎನ್ನಿ. ಅದು 78,00,000 ಕಿಲೊಬೈಟ್, ಎಂಟರಿಂದ ಗುಣಿಸಿದರೆ 6,24,00,000 ಕಿಲೊಬಿಟ್. ಆರು ಗಂಟೆಯ ಆಟ ಎಂದರೆ 21,600 ಸೆಕೆಂಡು. ಭಾಗಿಸಿದರೆ ಸುಮಾರು 2,889. ಆಡಿಯೊದ 128 ಕಳೆದು, ತುಸು ಅಂಚು ಬಿಟ್ಟು ವಿಡಿಯೊಗೆ 2,700 ಕೊಡಿ. 1080ರ ಮಂಡಿ ಕುಣಿತಕ್ಕೆ ಇದು ಬಿಗಿ, 720 ಮಾಡಿದರೆ ನೋಡುವಂತಿರುತ್ತದೆ. ಜಾಗವಿದ್ದೂ ಕಾಪಿ ನಿಂತುಹೋದರೆ ಪೆನ್‌ಡ್ರೈವು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಟಿವಿ ಅದನ್ನು ಓದದಿದ್ದರೆ ವಿಡಿಯೊ ತುಂಡು ಮಾಡಿ.

## ಚಂಡೆ ಪೆಟ್ಟು ಒಂದು ಕಡೆ, ಸದ್ದು ಇನ್ನೊಂದು ಕಡೆ

ಶುರುವಿನಿಂದ ಕೊನೆಯವರೆಗೆ ಅಷ್ಟೇ ವ್ಯತ್ಯಾಸವಿದ್ದರೆ ಆಡಿಯೊವನ್ನು ಅಷ್ಟು ಸರಿಸಿದರೆ ಮುಗಿಯಿತು. ಹೊತ್ತು ಹೋದಂತೆ ಹೆಚ್ಚಾಗುತ್ತಿದ್ದರೆ ಫೋನಿನ ಬದಲಾಗುವ ಫ್ರೇಮ್‌ರೇಟು ಕಾರಣ. ಹ್ಯಾಂಡ್‌ಬ್ರೇಕಿನಲ್ಲಿ ಸ್ಥಿರ ಫ್ರೇಮ್‌ರೇಟ್ ಆರಿಸಿ. ಆಡಿಯೊ ಬೇರೆ ಯಂತ್ರದಲ್ಲಿ ಮುದ್ರಿಸಿದ್ದರೆ ಎರಡರ ಗಡಿಯಾರ ಬೇರೆಯಾದ್ದರಿಂದ ಗಂಟೆಗಂಟೆಗೆ ಕತ್ತರಿಸಿ ಹೊಂದಿಸಬೇಕು. ಚಂಡೆಯ ಸದ್ದೇ ಒಡೆದಿದ್ದರೆ ಅಲೆಯ ಚಿತ್ರ ನೋಡಿ: ತಲೆ ಸಪಾಟಾಗಿ ಕತ್ತರಿಸಿದಂತಿದ್ದರೆ ಮುದ್ರಿಸುವಾಗಲೇ ಕೆಟ್ಟಿದೆ, ಆಡಿಯೊ ಬಿಟ್‌ರೇಟ್ ಎಷ್ಟು ಏರಿಸಿದರೂ ಸರಿಯಾಗದು.

## ಹಳೆಯ ಕ್ಯಾಸೆಟಿನ ಚಿತ್ರದ ಅಂಚು ಬಾಚಣಿಗೆಯಂತೆ

ಮಿನಿಡಿವಿ ಕ್ಯಾಸೆಟಿನ ಚಿತ್ರ 720×576, ಸೆಕೆಂಡಿಗೆ 50 ಅರ್ಧ ಚಿತ್ರಗಳು. ಹಾಗೇ ಎನ್‌ಕೋಡ್ ಮಾಡಿದರೆ ಕೈ ಬೀಸಿದಲ್ಲೆಲ್ಲ ಹಲ್ಲು ಮೂಡುತ್ತದೆ, ಬಿಟ್‌ರೇಟೂ ಪೋಲಾಗುತ್ತದೆ. ಅರ್ಧ ಚಿತ್ರಗಳನ್ನು ಪೂರ್ತಿ ಫ್ರೇಮು ಮಾಡುವ ಬಿಡಬ್ಲ್ಯುಡಿಫ್ ಇಲ್ಲವೇ ಯಾಡಿಫ್ ಫಿಲ್ಟರು ಹಾಕಿ, 50 ಫ್ರೇಮಾಗಿ ತೆಗೆದರೆ ಕುಣಿತದ ಓಟ ಉಳಿಯುತ್ತದೆ. ಅಳತೆ ಬದಲಿಸುವುದು ಇದಾದ ಮೇಲೆ, ಮೊದಲು ಅಲ್ಲ. ಕೆಂಪು ಕಿತ್ತಳೆಯತ್ತ ಸರಿದರೆ ಬಣ್ಣದ ಮಾನಕಗಳಾದ ಬಿಟಿ.601 (ಹಳೆಯ ಎಸ್‌ಡಿ), ಬಿಟಿ.709 (ಎಚ್‌ಡಿ) ಗುರುತು ಅದಲುಬದಲಾಗಿದೆ. ಕಪ್ಪು ಬೂದಿಯಾಗಿ ಕಂಡರೆ ಫುಲ್, ಲಿಮಿಟೆಡ್ ವ್ಯಾಪ್ತಿಯ ತಪ್ಪು.

## ಅಂಕ ಕೆಟ್ಟದು, ಕಣ್ಣಿಗೆ ಚೆನ್ನ

ವೀಮ್ಯಾಫ್ 0ರಿಂದ 100ರವರೆಗೆ ಅಂಕ ಕೊಡುತ್ತದೆ. ಚೆನ್ನಾಗಿ ಕಾಣುವ ವಿಡಿಯೊಗೆ 40 ಬಂದರೆ ಎನ್‌ಕೋಡು ಕೆಟ್ಟಿದೆ ಎನ್ನುವ ಮೊದಲು ಎರಡೂ ಫೈಲುಗಳ ಮೊದಲ ಫ್ರೇಮು ಒಂದೇ ಹೌದೇ ನೋಡಿ. ಒಂದು ಫ್ರೇಮು ಹಿಂದೆಮುಂದೆ ಆದರೂ ಕುಣಿತದ ತುಣುಕಿನಲ್ಲಿ ಅಂಕ ಕುಸಿಯುತ್ತದೆ. ಅಳತೆ, ಫ್ರೇಮ್‌ರೇಟ್, ಬಣ್ಣದ ವ್ಯಾಪ್ತಿಯೂ ಒಂದೇ ಇರಬೇಕು. ಸರಾಸರಿ ನೋಡಿ ನೆಮ್ಮದಿಯಾಗಬೇಡಿ, ಅತಿ ಕಡಿಮೆ ಅಂಕದ ಫ್ರೇಮುಗಳಿಗೆ ಹೋಗಿ ನೋಡಿ. ಯೂಟ್ಯೂಬಿಗೆ ಏರಿಸಿದ ಕೂಡಲೇ ಮಸುಕಾಗಿ ಕಂಡರೆ ಗಾಬರಿ ಬೇಡ. ಮೊದಲು ಚಿಕ್ಕ ಅಳತೆ ಸಿದ್ಧವಾಗುತ್ತದೆ, ದೊಡ್ಡದು ಆಮೇಲೆ. ಯೂಟ್ಯೂಬ್ ತಾನೇ ಮತ್ತೆ ಎನ್‌ಕೋಡ್ ಮಾಡುವುದರಿಂದ 1080ಕ್ಕೆ 25-30 ಫ್ರೇಮಿಗೆ 8 ಎಂಬಿಪಿಎಸ್, 50-60ಕ್ಕೆ 12 ಎಂಬುದು ಅವರ ಶಿಫಾರಸು. ಕುಣಿತಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

## ಇಲ್ಲಿ ಕೈ ಬಿಡಿ, ತಿಳಿದವರನ್ನು ಕರೆಯಿರಿ

ಕ್ಯಾಮೆರಾ ಕಾರ್ಡು «ಫಾರ್ಮ್ಯಾಟ್ ಮಾಡಬೇಕೇ» ಎಂದು ಕೇಳಿದರೆ ಇಲ್ಲ ಎನ್ನಿ, ಕಾರ್ಡು ತೆಗೆದಿಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ದತ್ತಾಂಶ ಮರಳಿ ತೆಗೆಯುವವರ ಕೈಗೆ ಹೋಗಲಿ.

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿದೆ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಬೇಡಿ. ಆರಿಸಿ ದುರಸ್ತಿಯವರಿಗೆ ಒಯ್ಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಸ್ವಿಚ್ಚು ಆರಿಸಿ.

ಬಯಲು ಚಪ್ಪರದಲ್ಲಿ ಜನರೇಟರಿನಿಂದ ಕರೆಂಟು ತೆಗೆದುಕೊಳ್ಳುವಾಗ ಅರ್ಥಿಂಗ್ ಮತ್ತು ಕರೆಂಟು ಸೋರಿದರೆ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇವೆಯೇ ಎಂದು ಎಲೆಕ್ಟ್ರಿಶಿಯನ್ ನೋಡಿ ಹೇಳಬೇಕು. ಕ್ಯಾಮೆರಾದ ಲೋಹ ಮುಟ್ಟಿದಾಗ ಜುಮ್ಮೆಂದರೆ ಚಿತ್ರೀಕರಣ ಅಲ್ಲಿಗೇ ನಿಲ್ಲಲಿ. ಎಕ್ಸ್‌ಟೆನ್ಶನ್ ಬಾಕ್ಸು ಒದ್ದೆ ನೆಲದಲ್ಲಿ ಬೇಡ, ಹಲಗೆಯ ಮೇಲಿಟ್ಟು ಮಳೆ ತಾಗದಂತೆ ಮುಚ್ಚಿ. ಜನರೇಟರು ಮುಚ್ಚಿದ ಕೋಣೆಯಲ್ಲಿ ಓಡಲೇಬಾರದು, ಅದರ ಹೊಗೆ ಜೀವ ತೆಗೆಯುತ್ತದೆ.

ಎನ್‌ಕೋಡರಿನ ದೋಷವೇ ಇದ್ದು ಬಗೆಹರಿಯದಿದ್ದರೆ, ಸಹಾಯ ಕೇಳುವಾಗ ಮೂಲದ ಮೂವತ್ತು ಸೆಕೆಂಡು, ಕೆಟ್ಟ ಫಲಿತದ ಅದೇ ಮೂವತ್ತು ಸೆಕೆಂಡು, ಎರಡರ ಮೀಡಿಯಾಇನ್ಫೋ ಪಟ್ಟಿ, ಎನ್‌ಕೋಡರಿನ ಲಾಗ್ ಫೈಲು ಒಟ್ಟಿಗೆ ಕೊಡಿ. ಪರದೆಯ ಫೋಟೊ ತೆಗೆದು ಕಳಿಸಿದರೆ ಯಾರಿಗೂ ಏನೂ ಹೇಳಲಾಗದು.